ಏಳನೇ ನಂಬರಿನ ಚರಗ

ಮೂರು ವಾರಗಳಿಂದ ಮಡಿವಾಳೆಪ್ಪನ ಮನೆಯಲ್ಲಿ ದಿನ ಬೆಳಗಾದರೆ ಒಂದೇ ಜಗಳ: ರೊಟ್ಟಿ ಬಡಿಯುವವರು ಯಾರು. ಸೊಸೆ ಮೀನಾ ಐದು ಗಂಟೆಗೇ ಗಾಲ್ಫ್ ಮೈದಾನಕ್ಕೆ ಹೋಗಿಬಿಡುತ್ತಿದ್ದಳು. ಅತ್ತೆ ಸುಂದರವ್ವನಿಗೆ ಮೊಣಕಾಲು ಮಡಚಿ ಒಲೆಯ ಮುಂದೆ ಕೂಡ್ರಲು ಆಗುತ್ತಿರಲಿಲ್ಲ. ಮೊಮ್ಮಗಳು ಶಿವಾನಿ ಏಳೂವರೆಯ ಬಸ್ಸು ಹಿಡಿದು ಬೈಲಹೊಂಗಲದ ಕಾಲೇಜು ಮುಟ್ಟಬೇಕು. ಮಗ ಸುಭಾಸ ರೊಟ್ಟಿ ಬಡಿಯಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಸುಭಾಸನಿಗಂತೂ ಮೊದಲೇ ಇಲ್ಲ.

"ಹುಲ್ಲು ಕೊಯ್ಯೂದು ಒಂದು ನೌಕರಿ ಅಂತ," ಸುಂದರವ್ವ ಹಿಟ್ಟಿನ ಬುಟ್ಟಿಯನ್ನು ಎಳೆದುಕೊಳ್ಳುತ್ತ ಹೇಳಿದಳು. "ನಾವೂ ಜಲ್ಮೆಲ್ಲಾ ಕೊಯ್ದೇವಿ. ಎಮ್ಮಿಗಿ ಹಾಕಿದ್ರ ಹಾಲರ ಕೊಡತಿತ್ತು. ನಿಮ್ಮ ಹುಲ್ಲ ಯಾರ ತಿಂತಾರ?"

"ಯಾರೂ ತಿನ್ನೂದಿಲ್ಲರಿ ಅತ್ತ್ಯಾರ. ಅದರ ಮ್ಯಾಲೆ ಚೆಂಡು ಉರುಳತೈತಿ."

"ಚೆಂಡು ಉರುಳಾಕ ನಮ್ಮ ನಾಲ್ಕೆಕರೆ ಎರಿ ಹೊಲ ಹೋತು ನೋಡ."

ಮೀನಾ ತಲೆಗೆ ಟಾವೆಲ್ಲು ಸುತ್ತಿಕೊಂಡು ಹೊರಟಳು. ಇದೇ ಮಾತಿಗೆ ಆರು ವರ್ಷದಲ್ಲಿ ಎಷ್ಟು ಉತ್ತರ ಕೊಟ್ಟಿದ್ದಳೋ ಲೆಕ್ಕವಿರಲಿಲ್ಲ.

ಕಿತ್ತೂರಿನ ಆಚೆ, ಹೈವೇ ಬಿಟ್ಟು ಎರಡು ಮೈಲು ಒಳಗೆ, ಆರು ವರ್ಷದ ಹಿಂದೆ ಒಂದು ಕಂಪನಿ ಆ ಮೈದಾನ ಮಾಡಿತ್ತು. ಹದಿನೆಂಟು ಕುಳಿ, ಹದಿನೆಂಟು ನಂಬರು. ಪ್ರತಿ ಕುಳಿಯ ಸುತ್ತ ಒಂದು ಕಣದಷ್ಟು ಅಗಲ ನುಣ್ಣನೆಯ ಹುಲ್ಲು. ಅದಕ್ಕೆ ಗ್ರೀನ್ ಎನ್ನುತ್ತಿದ್ದರು. ಗ್ರೀನಿನ ಹುಲ್ಲು ಜೋಳದ ಕಾಳಿಗಿಂತ ಗಿಡ್ಡ ಇರಬೇಕು. ದಿನಾ ಮಷಿನ್ ಹಾಯಿಸಬೇಕು, ಬೆಳಗಿನ ಇಬ್ಬನಿಯನ್ನು ಬಿದಿರ ಗಳದಿಂದ ಬಡಿದು ಉದುರಿಸಬೇಕು, ಕಳೆಯನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ಕೀಳಬೇಕು. ಏಳನೇ ನಂಬರಿನ ಗ್ರೀನ್ ಇದ್ದದ್ದು ಮಡಿವಾಳೆಪ್ಪನ ಹಳೆಯ ಹೊಲದಲ್ಲಿ, ಬನ್ನಿ ಗಿಡದ ಬುಡಕ್ಕೆ. ಬನ್ನಿ ಗಿಡ ನೋಡಲು ಚೆಂದ ಎಂದು ಕಂಪನಿಯವರು ಅದನ್ನು ಕಡಿದಿರಲಿಲ್ಲ.

ಹೊಲ ಕೊಟ್ಟ ಮನೆಗೆ ಕೆಲಸ ಕೊಡುತ್ತೇವೆ ಎಂದಿದ್ದರು, ಕೊಟ್ಟಿದ್ದರು. ಮಡಿವಾಳೆಪ್ಪ ಹಿಂದಿನ ಗೇಟಿನ ಹಗಲು ಕಾವಲುಗಾರ. ಸುಭಾಸ ನೀರು ಬಿಡುವ ಆಳು. ರಾಮದುರ್ಗದ ತವರಿನಿಂದ ಎಸೆಸೆಲ್ಸಿ ಪಾಸಾಗಿ ಬಂದಿದ್ದ ಮೀನಾ ಕಳೆ ಕೀಳಲು ಸೇರಿ, ಮಷಿನ್ ಹಿಡಿದು, ಈಗ ಹನ್ನೆರಡು ಹೆಂಗಸರ ತಂಡದ ಮುಂದಾಳು. ಎಲ್ಲರೂ ದಿನಗೂಲಿ, ಯಾರದೂ ಕಾಯಂ ಅಲ್ಲ.

ಆ ಜನವರಿಯಲ್ಲಿ ಮೊದಲ ಬಾರಿ ಅಲ್ಲಿ ದೊಡ್ಡ ಟೂರ್ನಮೆಂಟ್. ದೇಶದ ಎಲ್ಲ ಕಡೆಯಿಂದ ಆಟವೇ ಹೊಟ್ಟೆಪಾಡು ಆದವರು ಬರುವವರಿದ್ದರು, ಟೀವಿಯವರೂ ಇದ್ದರು. ಮೈದಾನದ ಮೇಲ್ವಿಚಾರಕ ಸಾಗರ ಬೆಳಗಾವಿಯವನು, ಮೂವತ್ತೆರಡರ ಹುಡುಗ. ಅವನು ಮೀನಾಳನ್ನು ಕರೆದು ಹೇಳಿದ್ದ:

"ಮೀನಾಬಾಯಿ, ಖರೇ ಹೇಳ್ತೀನಿ. ಆಟ ಮುಗಿದ ಮೇಲೆ ಇಲ್ಲಿಯ ಕೆಲಸ ಹೊರಗಿನ ಗುತ್ತಿಗೆದಾರನಿಗೆ ಹೋಗ್ತದೆ. ಹಳೇ ಮಂದಿಯೊಳಗೆ ಒಬ್ಬರೇ ಕಾಯಂ ಸೂಪರ್ವೈಸರ್. ಹದಿನೆಂಟೂ ಗ್ರೀನ್ ಪಾಸ್ ಆದ್ರೆ ಅದು ನೀವು. ನೀವು ಉಳಿದ್ರೆ ನಿಮ್ಮ ಹೆಂಗಸರೂ ಉಳೀತಾರೆ. ಇಲ್ಲಾಂದ್ರೆ ಅವನು ತನ್ನ ಆಳು ತರ್ತಾನೆ."

ಅಂದಿನಿಂದ ಮೀನಾಳಿಗೆ ಹದಿನಾಲ್ಕು ತಾಸಿನ ದಿನ. ಮನೆಗೆ ಬಂದರೆ ಅನ್ನದ ತಾಟಿನ ಮುಂದೆಯೇ ತೂಕಡಿಸುತ್ತಿದ್ದಳು.

ಸುಭಾಸನ ಸಿಟ್ಟು ಬೇರೆ. ನಾಲ್ಕನೇ ನಂಬರಿನಲ್ಲಿ ನೀರು ಹೆಚ್ಚಾಗಿದೆ ಎಂದು ಮೀನಾ ಎಲ್ಲರೆದುರು ಕೂಗಿ ಹೇಳಿದ್ದಳು. ಅವನ ಜೊತೆಯ ಕಾಡಪ್ಪ, "ಸುಭಾಸಣ್ಣಾ, ಸಾಹೇಬ್ರ ಆರ್ಡರ್ ಆಗೈತಿ, ಬಂದ್ ಮಾಡಪಾ" ಎಂದು ನಕ್ಕಿದ್ದ. ಅಂದು ಊಟಕ್ಕೆ ಕೂತಾಗ ಸುಭಾಸ ತಾಟು ಮುಂದಕ್ಕೆ ದಬ್ಬಿದ.

"ನಾಕ ಮಂದ್ಯಾಗ ನನಗ ಹುಕುಮ್ ಮಾಡತಿ ಏನ?"

"ನೀರ ಬಂದ್ ಮಾಡ್ರಿ ಅಂದೇನಿ. ನಿಮ್ಮನ್ನ ಬಂದ್ ಮಾಡ್ರಿ ಅಂದಿಲ್ಲ."

ಶಿವಾನಿ ಕಿಸಕ್ಕನೆ ನಕ್ಕಳು. ಸುಭಾಸ ಅವಳ ತಲೆಗೆ ಮೊಟಕಿದ.

"ಉಣ್ಣೂ ತಾಟ ಯಾಕ ದಬ್ಬತಿಯೋ," ಮಡಿವಾಳೆಪ್ಪ ಗದರಿದ. "ಅಕಿ ಹೇಳಿದ್ದು ಖರೆ ಇತ್ತೋ ಇಲ್ಲೋ?"

"ಖರೆ ಇತ್ತು."

"ಮತ್ತ ಬಾಯಿ ಮುಚಗೊಂಡ ಉಣ್ಣ."

ಎಳ್ಳ ಅಮಾವಾಸ್ಯೆ ಬಂತು. ಆಟಕ್ಕೆ ಹತ್ತು ದಿನ ಉಳಿದಿತ್ತು. ಹಿಂದಿನ ದಿನ ಸುಂದರವ್ವ ಮೊಣಕಾಲಿನ ನೋವು ಮರೆತು ಅಡಿಗೆಗೆ ಕೂತಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿ ಪಲ್ಯ, ಮೊಸರನ್ನ. ಅಮಾವಾಸ್ಯೆಯ ದಿನ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲಬೇಕು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಅದೇ ಚರಗ. ಹೊಲ ಹೋದ ಮೇಲೆಯೂ ಸುಂದರವ್ವ ಅದನ್ನು ಒಂದು ವರ್ಷವೂ ಬಿಟ್ಟಿರಲಿಲ್ಲ. ತಂತಿ ಬೇಲಿಯ ಹೊರಗೆ ನಿಂತು, ಕೈಯೆತ್ತಿ ಒಳಗೆ ಒಗೆದು ಬರುತ್ತಿದ್ದಳು. ಈ ವರ್ಷ ಟೀವಿಯವರ ಸಲುವಾಗಿ ಬೇಲಿಯ ಗುಂಟ ಎರಡಾಳೆತ್ತರ ಹಸಿರು ಬಟ್ಟೆ ಕಟ್ಟಿದ್ದರು.

"ಗೇಟಿನಿಂದ ಒಳಗ ಹೋಗಿ ಬರತೇನಿ," ಎಂದಳು ಸುಂದರವ್ವ.

ಮೀನಾ ಕೈ ತೊಳೆಯುತ್ತಿದ್ದವಳು ತಿರುಗಿ ನಿಂತಳು. "ಅತ್ತ್ಯಾರ, ಅದೊಂದು ಮಾಡಬ್ಯಾಡ್ರಿ. ಗ್ರೀನಿನ ಮ್ಯಾಲೆ ನಾವ ಬರಿಗಾಲಲೆ ಹೋಕ್ಕೇವಿ. ಬೇಲಿ ಬಾಜೂಕ ಗಂಗಯ್ಯನಾರ ಹೊಲ ಐತಲ್ಲ, ಅಲ್ಲಿ ಚೆಲ್ಲಿ ಬರ್ರಿ."

"ಮಂದಿ ಹೊಲದಾಗ ಚೆಲ್ಲಿದ್ರ ಮಂದಿ ಹೊಲ ಬೆಳಿತೈತಿ."

"ನಮ್ಮದರಾಗ ಈಗ ಏನ ಬೆಳೀಬೇಕಾಗೈತಿರಿ?"

"ನಿನ್ನ ಪಗಾರ ಯಾವ ಮಣ್ಣಿನಿಂದ ಬರತೈತಿ? ಅದರ ಬಾಯಾಗ ವರ್ಷಕ್ಕ ಒಂದ ತುತ್ತ ಹಾಕಾಕ ನಿನಗ ಭಾರ ಆತು."

"ಹತ್ತ ದಿನ ತಡೀರಿ. ಆಟ ಮುಗಿಲಿ."

"ಬಸುರಿಗೆ ಹತ್ತ ದಿನ ತಡಕೊ ಅಂತಾರನ ಯಾರರ?"

ಮೀನಾ ಗಂಡನ ಮುಖ ನೋಡಿದಳು. ಸುಭಾಸ ಎಲೆಯಡಿಕೆ ಅಗಿಯುತ್ತ ಗೋಡೆ ನೋಡಿದ.

ಅಮಾವಾಸ್ಯೆಯ ಮಧ್ಯಾಹ್ನ ಹನ್ನೆರಡೂವರೆಗೆ ಆಳುಗಳೆಲ್ಲ ಹದಿನೈದನೇ ನಂಬರಿನ ಕಡೆಯ ಶೆಡ್ಡಿನಲ್ಲಿ ಉಣ್ಣುತ್ತಿದ್ದರು. ಸುಂದರವ್ವ ಬುಟ್ಟಿ ಹೊತ್ತು ಹಿಂದಿನ ಗೇಟಿಗೆ ಬಂದಳು. ಸುತ್ತಲೂ ಕಬ್ಬಿನ ಹೊಲ, ಕಬ್ಬಿನಲ್ಲಿ ಕಾಡುಹಂದಿ. ಅದಕ್ಕೆ ಮೈದಾನದ ಸುತ್ತ ಕರೆಂಟು ಹಾಯುವ ತಂತಿ ಬೇಲಿ ಹಗಲು ರಾತ್ರಿ ಚಾಲೂ ಇರುತ್ತಿತ್ತು. ಅದರ ಸ್ವಿಚ್ಚು ಇದ್ದದ್ದು ಹಿಂದಿನ ಗೇಟಿನ ಕಂಬಕ್ಕೆ. ಬೇಲಿ ನೋಡಿಕೊಳ್ಳುವವನು ಸತ್ಯಪ್ಪ. ದಿನಾ ಸಂಜೆ ಆರಕ್ಕೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆದು ಹೋಗುವುದು ಅವನ ಕೆಲಸ. ಅಂದು ಸಾಗರ ಅವನನ್ನು ಬಾವುಟದ ಕಂಬ ತರಲು ಧಾರವಾಡಕ್ಕೆ ಕಳಿಸಿದ್ದ.

ಮಡಿವಾಳೆಪ್ಪ ಸ್ವಿಚ್ಚು ಆರಿಸಿ ಗೇಟು ತೆಗೆದ. ಇಬ್ಬರೂ ಕಾಲ್ಮರಿ ಕಳಚಿಟ್ಟು ಏಳನೇ ನಂಬರಿನ ಗ್ರೀನಿಗೆ ಹೋದರು. ಸುಂದರವ್ವ ಹುಲ್ಲನ್ನು ಕೈಯಿಂದ ಸವರಿ ನೋಡಿದಳು.

"ಸೊಸಿ ಭಾಳ ಚಂದ ಇಟ್ಟಾಳ," ಎಂದಳು. ಆ ಮಾತನ್ನು ಮೀನಾಳ ಎದುರು ಒಮ್ಮೆಯೂ ಆಡಿರಲಿಲ್ಲ.

ಬನ್ನಿಯ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಕುಂಕುಮ ಇಟ್ಟು, ಎಡೆ ಹಿಡಿದರು. ಮಡಿವಾಳೆಪ್ಪ ಮುಂದೆ ನೀರು ಚಿಮುಕಿಸುತ್ತ, ಚರಗದ ರೂಢಿಯ ಕೂಗಿನಂತೆ, "ಹುಲ್ಲುಲ್ಲಿಗೋ" ಎಂದ. ಸುಂದರವ್ವ ಹಿಂದಿನಿಂದ "ಚಲ್ಲಂಬ್ರಿಗೋ" ಎನ್ನುತ್ತ ಗ್ರೀನಿನ ನಾಲ್ಕೂ ದಿಕ್ಕಿಗೆ ಹಿಡಿ ಹಿಡಿಯಾಗಿ ಚೆಲ್ಲಿದಳು. ಯಾರಾದರೂ ಕೇಳಿಯಾರೆಂದು ಇಬ್ಬರದೂ ಪಿಸುದನಿ. ಮುಗಿದ ಮೇಲೆ ಮಡಿವಾಳೆಪ್ಪ ಐದೂ ಕಲ್ಲನ್ನು ಹೆಕ್ಕಿ ಬುಟ್ಟಿಗೆ ಹಾಕಿಕೊಂಡ. ಮಷಿನ್ನಿನ ಬ್ಲೇಡಿಗೆ ಸಿಕ್ಕರೆ ಸೊಸೆಗೆ ತ್ರಾಸು.

ಗೇಟಿಗೆ ಬಂದು ಸ್ವಿಚ್ಚಿಗೆ ಕೈ ಹಾಕಿದಾಗ ಸುಂದರವ್ವ ತಡೆದಳು.

"ಈಗ ಹಾಕಬ್ಯಾಡ್ರಿ. ಚೆಲ್ಲಿ ಬಂದ ಹೊಲಕ್ಕ ಆವತ್ತ ಬೇಲಿ ಮುಚ್ಚಬಾರದು ಅಂತ ನಮ್ಮತ್ತಿ ಹೇಳತಿದ್ದಳು. ತಾಯಿ ಉಣ್ಣಾಕ ಬರತಾಳ. ಎಡಿ ಬಡಿಸಿ ಬಾಗಿಲ ಹಾಕಿದಂಗ ಆಕ್ಕೈತಿ."

"ಸಂಜಿಕ ಸತ್ಯಪ್ಪ ಬಂದು ನೋಡತಾನ."

"ನೋಡ್ಲಿ. ಅಲ್ಲೀಮಟಾ ಇರ್ಲಿ."

ಮಡಿವಾಳೆಪ್ಪ ಕೈ ಹಿಂದೆ ತೆಗೆದುಕೊಂಡ. ಗೇಟನ್ನೂ ಚಿಲಕ ಹಾಕದೆ ಬರೀ ಮುಂದೆ ಮಾಡಿಟ್ಟ. ಎರಡು ಗಂಟೆಗೆ ಅವನ ಪಾಳಿ ಮುಗಿಯಿತು, ಆಮೇಲೆ ಆ ಗೇಟಿಗೆ ಬೇರೆ ಕಾವಲು ಇರಲಿಲ್ಲ. ಸತ್ಯಪ್ಪ ಧಾರವಾಡದಿಂದ ಬಂದಾಗ ಎಂಟು ದಾಟಿತ್ತು. ಕಂಬಗಳನ್ನು ಇಳಿಸಿ ನೇರವಾಗಿ ಮನೆಗೆ ಹೋದ.

ಮರುದಿನ ಬೆಳಗಿನ ಆರಕ್ಕೆ ಬಿದಿರ ಗಳ ಹಿಡಿದು ಏಳನೇ ನಂಬರಿಗೆ ಮೊದಲು ಬಂದವರು ಮೀನಾ ಮತ್ತು ಯಶೋಧಾ. ಯಶೋಧಾ ಸತ್ಯಪ್ಪನ ಹೆಂಡತಿ, ತಂಡದಲ್ಲಿ ಮೀನಾಳ ಬಲಗೈ. ಅವರ ಮನೆ ಹಳ್ಳದ ದಂಡೆಯ ಓಣಿಯಲ್ಲಿ, ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ. ಆರು ವರ್ಷದಿಂದ ಇಬ್ಬರೂ ಮೈದಾನದಲ್ಲಿ ಒಂದೇ ಡಬ್ಬಿಯ ಪಲ್ಯ ಹಂಚಿಕೊಂಡಿದ್ದರು. ಊರೊಳಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿದಿರಲಿಲ್ಲ.

ಗ್ರೀನನ್ನು ಹಂದಿಗಳು ಉತ್ತು ಬಿಟ್ಟಿದ್ದವು. ಮೂರು ಕಡೆ ಕೌದಿ ಹಾಸುವಷ್ಟು ಅಗಲ ಹುಲ್ಲು ಮಗುಚಿ ಬಿದ್ದಿತ್ತು. ಮೇಲಿನ ಉಸುಕು ಹಾರಿ, ಕೆಳಗಿನ ಕರಿ ಮಣ್ಣು ಮೇಲೆ ಬಂದಿತ್ತು. ಮೀನಾ ಗಳ ಕೆಳಗಿಟ್ಟು, ಮಗುಚಿದ ಹುಲ್ಲನ್ನು ಎತ್ತಿ ಬೇರು ನೋಡಿದಳು.

ಯಶೋಧಾ ಬಗ್ಗಿ ಏನನ್ನೋ ಎತ್ತಿ ನೋಡಿದಳು. ಮತ್ತೊಂದು ಎತ್ತಿದಳು.

"ಅಕ್ಕಾರ, ಇದು ಶೇಂಗಾ ಹೋಳಿಗಿ. ಇದು ಕಡಬು. ಹಂದಿ ಬುತ್ತಿ ಕಟಗೊಂಡ ಬಂದಿಲ್ಲರಿ."

ಮೀನಾ ಬನ್ನಿಯ ಬುಡದ ಕಡೆ ತಿರುಗಿದಳು. ಯಶೋಧಾ ಅವಳ ಮುಖ ನೋಡಿದಳು. ಸೀರೆಯ ಉಡಿ ಕಟ್ಟಿ, ಉಳಿದ ತುಣುಕುಗಳನ್ನು ಒಂದೂ ಬಿಡದೆ ಹೆಕ್ಕಿ ತುಂಬಿಕೊಂಡಳು. ಬನ್ನಿಯ ಬುಡದ ಕುಂಕುಮವನ್ನು ಕಾಲಿನಿಂದ ತೀಡಿ ಅಳಿಸಿದಳು.

"ಮುದುಕಿ ದೇವರ ಕೆಲಸ ಮಾಡ್ಯಾಳ. ಸಾಹೇಬ ನೋಡಿದ್ರ ನಿಮ್ಮ ನೌಕರಿ ಹೋಕ್ಕೈತಿ. ನಾ ಉಸುಕಿನ ಗುಂಡ್ಯಾಗ ಮುಚ್ಚಿ ಬರತೇನಿ," ಎಂದು ಓಡಿದಳು.

ಸಾಗರ ಬಂದು ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ಬೇಲಿಯ ಮೀಟರ್ ತೆಗೆಸಿ ನೋಡಿದ. ಹಿಂದಿನ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಕರೆಂಟು ಬಂದ್ ಆಗಿತ್ತು. ಸಂಜೆಯ ಪುಸ್ತಕ ಖಾಲಿ ಇತ್ತು.

"ಸತ್ಯಪ್ಪ ಎಲ್ಲಿ?" ಎಂದ.

ಸತ್ಯಪ್ಪನಿಗೆ ಮುಚ್ಚಿಡುವುದು ಏನೂ ಇರಲಿಲ್ಲ. "ನೀವ ಧಾರವಾಡಕ್ಕ ಕಳಿಸಿದ್ರಿ ಸರ್. ಹೋಗೂ ಮುಂದ ಚಾಲೂ ಇತ್ತು. ಬಂದಿಂದ ನೋಡಲಿಲ್ಲ, ಅದು ನನ್ನ ತಪ್ಪ. ಆದ್ರ ಬಂದ್ ಮಾಡಿದಾಂವ ನಾ ಅಲ್ಲ."

ಮಡಿವಾಳೆಪ್ಪನನ್ನು ಕೇಳಿದರು. ಮುದುಕ ನೆಲ ನೋಡುತ್ತ, "ನಾ ಗೇಟ ತಗದಿಲ್ಲರಿ" ಎಂದ. ಎಪ್ಪತ್ತು ವರ್ಷದ ಬಾಯಿಂದ ಬಂದ ಸುಳ್ಳು. ಯಾರೂ ಅನುಮಾನ ಪಡಲಿಲ್ಲ.

"ಮೊದಲು ಗ್ರೀನ್ ರಿಪೇರಿ," ಎಂದ ಸಾಗರ. "ಯಾರ ತಪ್ಪು ಅನ್ನೋದು ಆಮೇಲೆ. ಇವತ್ತಿಗೆ ಎಂಟನೇ ದಿನ ಟೂರ್ನಮೆಂಟಿನವರ ಇನ್ಸ್ಪೆಕ್ಟರ್ ಬರ್ತಾನೆ."

ಚಳಿಗಾಲದಲ್ಲಿ ಆ ಹುಲ್ಲು ಹಬ್ಬುವುದಿಲ್ಲ. ಒಂದೇ ದಾರಿ ಇತ್ತು. ಆಟಗಾರರು ಅಭ್ಯಾಸ ಮಾಡುವ ಜಾಗದಲ್ಲಿ ಅದೇ ಜಾತಿಯ ಹುಲ್ಲು ಇತ್ತು. ಹೆಂಗಸರು ಅದನ್ನು ಬೇರು ಸಮೇತ ಅಡಿ ಚೌಕದ ತುಂಡು ಮಾಡಿ ಕೊಯ್ದು ತಂದರು. ಗಂಡಸರು ಉಸುಕು ಹೊತ್ತರು, ಎಲ್ಲರಿಗಿಂತ ಹೆಚ್ಚು ಸತ್ಯಪ್ಪ ಹೊತ್ತ. ಮೀನಾ ಮತ್ತು ಯಶೋಧಾ ಎದುರು ಬದುರು ಮೊಣಕಾಲೂರಿ ಒಂದೊಂದೇ ತುಂಡು ಕೂಡಿಸಿ, ಸಂದಿಗೆ ಜರಡಿ ಹಿಡಿದ ಉಸುಕು ತುಂಬಿ, ಹಲಗೆ ಇಟ್ಟು ತುಳಿದರು. ಒಂದು ತುಂಡು ಕೂದಲೆಳೆ ಎತ್ತರ ಆದರೂ ಚೆಂಡು ಜಿಗಿಯುತ್ತಿತ್ತು, ಮತ್ತೆ ಕಿತ್ತು ಮತ್ತೆ ಕೂಡಿಸುವುದು.

ಮೊದಲ ದಿನದ ಸಂಜೆ ಮೀನಾ ಮನೆಗೆ ಬಂದು ಕೈಕಾಲು ತೊಳೆಯದೆ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಬೇಲಿ ಯಾರ ಬಂದ್ ಮಾಡಿದ್ರಿ?"

ಸುಂದರವ್ವ ಒಲೆಗೆ ಕಟ್ಟಿಗೆ ದೂಡಿದಳು.

"ಮಾವಾರ, ನಿಮ್ಮನ್ನ ಕೇಳಾಕ ಹತ್ತೇನಿ."

"ನಾನು," ಎಂದ ಮಡಿವಾಳೆಪ್ಪ. "ನಿಮ್ಮತ್ತಿ ಬೇಡಂದಳು. ನಾ ಹಾಕಲಿಲ್ಲ. ನಾಳೆ ಹೋಗಿ ಹೇಳಿಬಿಡತೇನಿ."

"ಏನ ಹೇಳತಿ?" ಸುಭಾಸ ಎದ್ದ. "ಹೇಳಿದ್ರ ನಿನ್ನ ತಗೀತಾರ, ನನ್ನ ತಗೀತಾರ, ಇಕಿ ಕಾಯಂ ನೌಕರಿ ಬಾವಿಗೆ ಬೀಳತೈತಿ. ಒಂದ ಮನಿ ಮೂರೂ ಮಂದಿ ಬೀದಿಗೆ. ಸುಮ್ನ ಕುಂಡ್ರ."

"ಮತ್ತ ಸತ್ಯಪ್ಪ ಕಾಕಾ?" ಶಿವಾನಿ ಕೇಳಿದಳು.

"ಅಂವ ಆಗಲೇ ಒಪ್ಪಿಗೊಂಡಾನ, ಬಂದು ನೋಡಲಿಲ್ಲ ಅಂತ."

"ನೋಡಲಿಲ್ಲ ಅಂದಾನ. ಬಂದ್ ಮಾಡಿದ್ದು ಅಜ್ಜ."

"ನೀ ಸಾಲಿ ಕಲಿಯಾಕಿ ಸಾಲಿ ಕಲಿ."

"ನಾ ಹೋಗಿ ಹೇಳತೇನಿ ಸಾಗರ ಸರ್‌ಗ."

ಸುಭಾಸ ಅವಳ ಕೆನ್ನೆಗೆ ಹೊಡೆದ. ಹದಿನೇಳು ವರ್ಷದ ಹುಡುಗಿ ಅಳಲಿಲ್ಲ. ಪುಸ್ತಕ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಸುಂದರವ್ವ ಒಲೆಯ ಮುಂದೆ ಕೂತಲ್ಲಿಂದಲೇ ಹೇಳಿದಳು: "ನಾ ಏನ ವಿಷ ಚೆಲ್ಲಿಲ್ಲ. ತಾಯಿಗೆ ಅನ್ನ ಹಾಕೇನಿ. ಹಂದಿ ಬಂದ್ರ ನಾ ಏನ ಮಾಡ್ಲಿ. ಆ ಓಣ್ಯಾಂವಗ ಕೂಲಿ ಎಲ್ಲಿ ಬೇಕಲ್ಲಿ ಸಿಗತೈತಿ. ಅವನ ಸಲುವಾಗಿ ಮಾವನ್ನ ಊರ ಮುಂದ ನಿಲ್ಲಸತಿ ಏನ?"

"ನಾ ಏನೂ ಅಂದಿಲ್ಲರಿ ಇನ್ನಾ."

"ಅನಬ್ಯಾಡ."

ಮೀನಾ ಅಂದು ಉಣ್ಣದೆ ಮಲಗಿದಳು. ಮರುದಿನ ಮಡಿವಾಳೆಪ್ಪ ಕೆಲಸಕ್ಕೆ ಹೋದ, ಗೇಟಿನಲ್ಲಿ ಕೂತ, ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಮೂರನೆಯ ದಿನದಿಂದ ಹೇಳುತ್ತೇನೆ ಎನ್ನುವುದನ್ನೂ ಬಿಟ್ಟ.

ಆರನೆಯ ದಿನ ಕೊನೆಯ ತುಂಡು ಕೂಡಿಸಿದರು. ಹಲಗೆಯ ಮೇಲೆ ನಿಂತು ತುಳಿಯುತ್ತ ಯಶೋಧಾ ಕೇಳಿದಳು:

"ಅಕ್ಕಾರ, ನಾಳೆ ನಿಮ್ಮನ್ನ ಆಫೀಸಿಗೆ ಕರದಾರಂತ. ಹೌದ?"

"ಹೌದು."

"ನಮ್ಮ ಮನ್ಯಾಗಿನವರ ಹೆಸರ ಬರ್ಕೊಂಡಾರ. ನಿಮ್ಮ ಸಹಿ ಬೇಕಂತ."

ಮೀನಾ ಉಸುಕು ಜರಡಿ ಹಿಡಿಯುತ್ತಲೇ ಇದ್ದಳು.

"ಆವತ್ತ ನಾ ಆ ಹೋಳಿಗಿ ಹೆಕ್ಕದ ಬಿಟ್ಟಿದ್ರ, ಸಾಹೇಬ ತನ್ನ ಕಣ್ಣಲೆ ನೋಡತಿದ್ದ. ನಿಮ್ಮ ಸಲುವಾಗಿ ಹೆಕ್ಕೇನಿ. ಆವಾಗ ನಮ್ಮವರ ಮ್ಯಾಲೆ ಬರತೈತಿ ಅಂತ ಗೊತ್ತಿರಲಿಲ್ಲ."

"ಗೊತ್ತೈತಿ ಯಶೋಧಾ."

"ಈಗ ನಾ ಹೋಗಿ ಹೇಳಿದ್ರ, ಮತ್ತ ನೀನ ಯಾಕ ಮುಚ್ಚಿದಿ ಅಂತ ಕೇಳತಾರ. ಗಂಡನ ಉಳಸಾಕ ಕತಿ ಕಟ್ಟ್ಯಾಳ ಅಂತಾರ. ನೀವ ಹೇಳಿದ್ರ ನಂಬತಾರ. ನಮ್ಮವರು ನೋಡದ ಹೋಗಿದ್ದಕ್ಕ ಒಂದ ತಿಂಗಳ ಪಗಾರ ಹಿಡೀಲಿ, ಬ್ಯಾಡನ್ನೂದಿಲ್ಲ. ಮಾಡದ್ದು ಮಾಡ್ಯಾರ ಅಂತ ಬರೀಬ್ಯಾಡ್ರಿ. ಅಷ್ಟ ನಾ ಕೇಳೂದು."

"ನೋಡತೇನಿ," ಎಂದಳು ಮೀನಾ.

ಮರುದಿನ ಸಾಗರ ಟೈಪು ಮಾಡಿದ ಹಾಳೆ ಮುಂದಿಟ್ಟ. ನಾಲ್ಕು ಸಾಲಿತ್ತು. ಬೇಲಿಯ ಹೊಣೆ ಸತ್ಯಪ್ಪನದು. ಅಂದು ಬೇರೆ ಯಾರೂ ಗೇಟು ತೆರೆದಿಲ್ಲ, ಸ್ವಿಚ್ಚು ಮುಟ್ಟಿಲ್ಲ. ಅವನನ್ನು ಧಾರವಾಡಕ್ಕೆ ಕಳಿಸಿದ ಮಾತು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

"ಆ ಬಾಜೂ ನಿಮ್ಮ ತಂಡದ್ದು, ಅದಕ್ಕೆ ನಿಮ್ಮ ಸಹಿ," ಎಂದ ಸಾಗರ. "ಮೇಲಿನವರಿಗೆ ಒಂದು ಹೆಸರು ಬೇಕು ಮೀನಾಬಾಯಿ. ಒಂದು ಹೆಸರು ಕೊಟ್ಟರೆ ಉಳಿದವರೆಲ್ಲ ಪಾರು. ನಿಮಗೆ ಬೇರೆ ಏನಾದರೂ ಗೊತ್ತಿದೆಯೋ?"

ಮೀನಾ ಹಾಳೆಯನ್ನು ಎರಡು ಸಲ ಓದಿದಳು. ಮಾವನ ಹೆಸರು ಹೇಳಿದರೆ ತನ್ನ ನೌಕರಿ ಹೋಗುತ್ತದೆ, ತನ್ನದು ಹೋದರೆ ಹನ್ನೆರಡು ಹೆಂಗಸರದು ಹೋಗುತ್ತದೆ, ಯಶೋಧಾಳದೂ ಹೋಗುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡಳು.

"ಇಲ್ಲರಿ," ಎಂದು ಸಹಿ ಮಾಡಿದಳು.

ಸತ್ಯಪ್ಪನನ್ನು ಅಂದೇ ಸಂಜೆ ತೆಗೆದರು. ಅವನು ಹಿಂದಿನ ಗೇಟಿನಿಂದಲೇ ಹೊರಗೆ ಹೋದ. ಮಡಿವಾಳೆಪ್ಪನ ಪಾಳಿ ಟೂರ್ನಮೆಂಟಿಗೆಂದು ಸಂಜೆಯತನಕ ಎಳೆದಿತ್ತು.

"ಅಜ್ಜಾರ, ಆವತ್ತ ನೀವು ನೀರಡಿಕಿ ಅಂತ ಎದ್ದ ಹೋದಾಗ ಯಾರರ ಬಂದಿರಬೇಕನ್ರಿ?" ಎಂದು ನಿಂತು ಕೇಳಿದ. ಮುದುಕನಿಗೆ ದಾರಿ ಮಾಡಿಕೊಡುತ್ತಿದ್ದನೋ, ನಿಜವಾಗಿ ತಿಳಿಯದೆ ಕೇಳಿದನೋ.

"ನಾ ಎಲ್ಲೂ ಎದ್ದ ಹೋಗಿಲ್ಲಪಾ," ಎಂದ ಮಡಿವಾಳೆಪ್ಪ. ಸತ್ಯಪ್ಪ ಸೈಕಲ್ ತಳ್ಳಿಕೊಂಡು ನಡೆದ.

ಇನ್ಸ್ಪೆಕ್ಟರ್ ಬಂದ. ಉಕ್ಕಿನ ಪಟ್ಟಿಯೊಂದನ್ನು ಓರೆ ಹಿಡಿದು ಚೆಂಡು ಬಿಟ್ಟು, ಎಷ್ಟು ಅಡಿ ಉರುಳುತ್ತದೆ ಎಂದು ಹದಿನೆಂಟೂ ಗ್ರೀನಿನಲ್ಲಿ ಅಳೆದ. ಏಳನೇ ನಂಬರಿನಲ್ಲಿ ಮೂರು ಸಲ ಅಳೆದು, ಸಂದಿಗಳನ್ನು ಬೆರಳಿನಿಂದ ಮುಟ್ಟಿ, ತಲೆಯಾಡಿಸಿದ. ನಾಲ್ಕು ದಿನ ಆಟ ನಡೆಯಿತು. ಬಿಳಿ ಪ್ಯಾಂಟಿನ ಮಂದಿ ಬಂದರು, ಹೊಡೆದರು, ಹೋದರು. ಏಳನೇ ನಂಬರಿನ ಮೇಲೆ ಯಾರ ಚೆಂಡೂ ಜಿಗಿಯಲಿಲ್ಲ. ಟೀವಿಯಲ್ಲಿ ಬನ್ನಿ ಗಿಡವನ್ನು ಮತ್ತೆ ಮತ್ತೆ ತೋರಿಸಿದರಂತೆ. ಸುಂದರವ್ವ ನೋಡಲಿಲ್ಲ.

ಐದನೆಯ ದಿನ ಮೀನಾ ಕಾಯಂ ಆದ ಕಾಗದ ತಂದಳು. ಸುಭಾಸ ಅದನ್ನು ಓಣಿಯಲ್ಲಿ ನಾಲ್ಕು ಮಂದಿಗೆ ಓದಿ ಹೇಳಿ ಬಂದ. ಮನೆಯಲ್ಲಿ ಗಂಡಸರಿಗೆ ಬಡಿಸುವ ಮೊದಲೇ ಸುಂದರವ್ವ ಸೊಸೆಯ ತಾಟಿಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

"ಉಣ್ಣವಾ. ಮನಿ ಮರ್ಯಾದಿ ಉಳಿಸಿದಿ."

ಮಡಿವಾಳೆಪ್ಪ ತಲೆ ಎತ್ತಲಿಲ್ಲ. ಶಿವಾನಿ ತನ್ನ ರೊಟ್ಟಿಯನ್ನು ತಾನೇ ಬಡಿದುಕೊಂಡು ಪಡಸಾಲೆಗೆ ಒಯ್ದಳು.

"ಇಲ್ಲಿ ಬಾರವಾ, ಕೂಡಿ ಉಣ್ಣೂಣು," ಮೀನಾ ಕರೆದಳು.

"ಬೈಲಹೊಂಗಲದಾಗ ಹಾಸ್ಟೆಲ್‌ನಾಗ ಒಂದ ಸೀಟ ಐತಿ. ಸೋಮವಾರದಿಂದ ಅಲ್ಲೇ ಇರತೇನಿ," ಎಂದಳು ಶಿವಾನಿ.

"ಮನಿ ಬಿಟ್ಟು ಯಾಕ?"

"ಇಲ್ಲಿ ಮಾತಾಡಿದ್ರ ಹೊಡೀತಾರ. ಮಾತಾಡಲಿಲ್ಲಂದ್ರ ಬೆಣ್ಣಿ ಹಚ್ಚತಾರ."

ಮೀನಾ ರೊಟ್ಟಿ ಮುರಿದಳು. ಹಸಿವೆ ಇತ್ತು, ಉಂಡಳು.

ಸೋಮವಾರ ಹೊಸ ಗುತ್ತಿಗೆದಾರನ ಮನುಷ್ಯ ಶೆಡ್ಡಿಗೆ ಬಂದ. ಹೆಂಗಸರು ಸಾಲಾಗಿ ನಿಂತಿದ್ದರು. ಅವನು ಕಿಸೆಯ ಪೆನ್ನು ತೆಗೆದು ಮೀನಾಳ ಕೈಗೆ ಕೊಟ್ಟ.

"ಸೀಜನ್ ಮುಗಿದದ. ಹನ್ನೆರಡು ಮಂದಿ ಬೇಕಾಗಿಲ್ಲ, ಹನ್ನೊಂದು ಸಾಕು. ಯಾರ ಹೆಸರು ತೆಗೀಬೇಕು, ನೀವೇ ಬರೆದು ಕೊಡ್ರಿ. ಇನ್ನ ಮೇಲೆ ಅದು ನಿಮ್ಮ ಕೆಲಸ." ಸಾಲಿನ ಕಡೆ ನೋಡಿ, "ಆ ಬೇಲಿಯವನ ಹೆಂಡತಿ ಇಲ್ಲೇ ಇದ್ದಾಳಂತಲ್ಲ," ಎಂದ.

ಮೀನಾ ಪೆನ್ನು ಹಿಡಿದು ನಿಂತಳು. ಸಾಲಿನಲ್ಲಿ ಇಬ್ಬರಿಗೆ ಗಂಡ ಇರಲಿಲ್ಲ. ಒಬ್ಬಳ ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳಿದ್ದಳು. ಇನ್ನೊಬ್ಬಳು ಮೊನ್ನೆ ತಾನೇ ಸೇರಿದ್ದಳು, ಅವಳು ಸಾಗರನ ಅಡಿಗೆಯವನ ತಂಗಿ. ಹನ್ನೊಂದು ಜನ ಯಶೋಧಾಳ ಕಡೆ ನೋಡದಿರಲು ಪ್ರಯತ್ನಪಟ್ಟು, ಎಲ್ಲರೂ ಅವಳನ್ನೇ ನೋಡಿದರು.

ಯಶೋಧಾ ಸಾಲು ಬಿಟ್ಟು ಮುಂದೆ ಬಂದಳು. ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಯೋಚನಿ ಮಾಡಬ್ಯಾಡ್ರಿ, ಬರೀರಿ," ಎಂದಳು. "ಗಂಡನ ಹೆಸರ ಬರದ ಕೈ. ಹೇಂತೀದು ಬರ್ಯಾಕ ಏನ ಭಾರ."

ಮೀನಾ ಬರೆದಳು.